ಕಾಫಿ ಬೀಜ ಆರಿಸುವ ಯಂತ್ರ: ಒಳಗಿನ ಓಪನ್ ಸೋರ್ಸ್ ಲೈಸೆನ್ಸ್‌ಗಳನ್ನು ಓದುವುದು ಹೇಗೆ? ಪೇಟೆಂಟ್ ಭಯ ಎಷ್ಟು ನಿಜ?

ಪ್ರಶ್ನೆ: ನಾವು ಗೋಣಿಕೊಪ್ಪಲಿನ ಮೂವರು ಗೆಳೆಯರು, ಇಂಜಿನಿಯರಿಂಗ್ ಮುಗಿಸಿದವರು. ಕಪ್ಪು ಬೀಜ, ಒಡೆದ ಬೀಜ, ಬೋರರ್ ಹುಳು ಕೊರೆದ ಬೀಜಗಳನ್ನು ಕ್ಯಾಮೆರಾದಲ್ಲಿ ಗುರುತಿಸಿ ಗಾಳಿ ಊದಿ ಹೊರಹಾಕುವ ಸಣ್ಣ ಯಂತ್ರ ಮಾಡಿದ್ದೇವೆ. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಣಾ ಘಟಕ) ಒಂದರ ಮಾಲೀಕರು ಕೊಳ್ಳಲು ಸಿದ್ಧರಿದ್ದಾರೆ. ಒಳಗಿರುವುದು ಲಿನಕ್ಸ್, ಪೈಥಾನ್, ಚಿತ್ರ ಸಂಸ್ಕರಣೆಗೆ ಓಪನ್‌ಸಿವಿ, ಬೀಜ ಗುರುತಿಸಲು ಯೋಲೋ ವಿ8, ಪರದೆಗೆ ಪೈಕ್ಯೂಟಿ. ಎಲ್ಲವೂ ಓಪನ್ ಸೋರ್ಸ್, ತೊಂದರೆಯಿಲ್ಲ ಅಂದುಕೊಂಡಿದ್ದೆವು. ಈಗ ಅವರ ವಕೀಲರು ಲೈಸೆನ್ಸ್‌ಗಳ ಪಟ್ಟಿ ಕೊಡಿ, ಪೇಟೆಂಟ್ ತಕರಾರು ಬರುವುದಿಲ್ಲ ಎಂದು ಬರೆದುಕೊಡಿ ಎನ್ನುತ್ತಿದ್ದಾರೆ. ಇದಲ್ಲದೆ ಬೀಜದ ತೇವಾಂಶ ಅಂದಾಜು ಮಾಡುವ ನಮ್ಮದೇ ಕೋಡ್ ಲೈಬ್ರರಿಯೊಂದನ್ನು ಎಲ್ಲರಿಗೂ ತೆರೆದಿಡುವ ಆಸೆಯಿದೆ. ‘ಎಂಐಟಿ ಲೈಸೆನ್ಸ್ ಹಾಕಿಬಿಡಿ, ತಲೆನೋವಿಲ್ಲ’ ಅನ್ನುತ್ತಾರೆ ಸ್ನೇಹಿತರು. ಸರಿಯೇ?

ಉತ್ತರ: ವಕೀಲರು ಕೇಳಿದ್ದು ನ್ಯಾಯವಾಗಿಯೇ ಇದೆ. ಯಂತ್ರ ಇನ್ನೂ ನಿಮ್ಮ ಶೆಡ್ಡಿನಲ್ಲಿರುವಾಗಲೇ ಕೇಳಿದ್ದಾರೆ, ಅದು ನಿಮ್ಮ ಅದೃಷ್ಟ. ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಎರಡು ಹೆಸರುಗಳ ಮೇಲೆ: ಯೋಲೋ ವಿ8 ಮತ್ತು ಪೈಕ್ಯೂಟಿ. ಇವೆರಡನ್ನು ಬಗೆಹರಿಸಿಕೊಳ್ಳದೆ ಯಂತ್ರವನ್ನು ಜೀಪಿಗೆ ಏರಿಸಬೇಡಿ. ಉಳಿದವು ಕಾಗದಪತ್ರದ ಕೆಲಸ.

ಮೊದಲು, ಯಂತ್ರ ಯಾರ ಕೈ ಸೇರುತ್ತದೆ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಅದು ನಿಮ್ಮ ಶೆಡ್ಡಿನಲ್ಲೇ ಇದ್ದು, ಬೆಳೆಗಾರರು ಚೀಲ ತಂದು ಬೀಜ ಆರಿಸಿಕೊಂಡು ಕೂಲಿ ಕೊಟ್ಟು ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಆಗ ಸಾಫ್ಟ್‌ವೇರನ್ನು ನೀವು ಯಾರಿಗೂ ಕೊಟ್ಟಂತಾಗಲಿಲ್ಲ. ಪ್ರೋಗ್ರಾಂ ಪಡೆದವರಿಗೆ ಅದರ ಮೂಲ ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್ ಲೈಸೆನ್ಸ್ ಆಗ ಏನನ್ನೂ ಕೇಳುವುದಿಲ್ಲ. ಅದರ ಬಿಗಿಯಾದ ರೂಪ ಎಜಿಪಿಎಲ್‌ನ 13ನೇ ಸೆಕ್ಷನ್ ಸ್ವಲ್ಪ ಮುಂದೆ ಹೋಗಿ, ನೀವು ತಿದ್ದಿದ ಸಾಫ್ಟ್‌ವೇರಿನ ಜೊತೆ ಜನ ನೆಟ್‌ವರ್ಕ್ ಮೂಲಕ ವ್ಯವಹರಿಸುತ್ತಾರೆಯೇ ಎಂದು ಕೇಳುತ್ತದೆ. ಚೀಲ ಇಳಿಸಿ ಹೊರಗೆ ಕಾದು ಕೂತ ಬೆಳೆಗಾರ ವ್ಯವಹರಿಸುವುದಿಲ್ಲ. ಅದೇ ಬೆಳೆಗಾರ ಮೊಬೈಲಿನಿಂದ ಫೋಟೋ ಕಳಿಸಿದರೆ ದೋಷ ಎಣಿಸಿ ಹೇಳುವ ವೆಬ್ ಪುಟ ನಡೆಸಿದಿರೋ, ಆಗ ವ್ಯವಹರಿಸುತ್ತಾನೆ. ಮೂಲ ಕೋಡ್ ಕೇಳುವ ಹಕ್ಕು ಅವನಿಗೆ ಬರುತ್ತದೆ. ಯಂತ್ರವನ್ನೇ ಮಾರಿದರಂತೂ ಅನುಮಾನವೇ ಬೇಡ, ಒಳಗಿನ ಮೆಮೊರಿ ಕಾರ್ಡಿನ ಜೊತೆ ಸಾಫ್ಟ್‌ವೇರಿನ ಪ್ರತಿಯೂ ಕೈ ದಾಟಿತು. ನಿಮ್ಮದು ಈ ಕೊನೆಯ ಬಗೆ.

ಯೋಲೋ ಎಂಬುದು ಒಂದೇ ಸಾಫ್ಟ್‌ವೇರ್ ಅಲ್ಲ. ಬೇರೆ ಬೇರೆ ತಂಡಗಳು ಬೇರೆ ಬೇರೆ ಲೈಸೆನ್ಸ್‌ನಲ್ಲಿ ಬಿಟ್ಟ ಹಲವು ಪ್ರೋಗ್ರಾಂಗಳ ಬಳಗ ಅದು. ನೀವು ಬಳಸಿದ ವಿ8 ಅಲ್ಟ್ರಾಲಿಟಿಕ್ಸ್ ಕಂಪನಿಯದು. ಅದರ ಲೈಸೆನ್ಸ್ ಎಜಿಪಿಎಲ್ 3. ಬೇಡವಾದವರಿಗೆ ಹಣ ಕೊಟ್ಟು ಪಡೆಯುವ ವಾಣಿಜ್ಯ ಲೈಸೆನ್ಸೂ ಉಂಟು. ಎಜಿಪಿಎಲ್ ದಾರಿ ಹಿಡಿದರೆ, ಅದನ್ನು ಒಳಗೊಂಡ ನಿಮ್ಮ ಇಡೀ ಪ್ರೋಗ್ರಾಂನ ಮೂಲ ಕೋಡನ್ನು, ಗಾಳಿ ಜೆಟ್ ಯಾವ ಕ್ಷಣಕ್ಕೆ ಊದಬೇಕೆಂದು ಲೆಕ್ಕ ಹಾಕುವ ಭಾಗವನ್ನೂ ಸೇರಿಸಿ, ಕ್ಯೂರಿಂಗ್ ವರ್ಕ್ಸ್ ಮಾಲೀಕರಿಗೆ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಊರಿಗೆಲ್ಲ ಹಂಚಬೇಕಿಲ್ಲ, ಯಂತ್ರ ಪಡೆದವರಿಗೆ ಕೊಟ್ಟರೆ ಸಾಕು. ಆದರೆ ಪಡೆದವರು ಇನ್ನೊಬ್ಬರಿಗೆ ಕೊಟ್ಟರೆ ತಡೆಯುವ ಹಕ್ಕು ನಿಮಗಿಲ್ಲ. ನೀವು ತರಬೇತಿ ಕೊಟ್ಟು ತಯಾರಿಸಿದ ಮಾಡೆಲ್‌ಗೂ ಈ ಷರತ್ತು ತಗಲುತ್ತದೆ ಎಂಬುದು ಆ ಕಂಪನಿಯ ನಿಲುವು. ಈ ನಿಲುವಿನ ವಿರುದ್ಧ ವಾದ ಮಾಡಬಹುದು, ಮಾಡುವವರೂ ಇದ್ದಾರೆ. ಆದರೆ ಮೂವರು ಗೆಳೆಯರ ವ್ಯಾಪಾರ ಅಂಥ ವಾದದ ಮೇಲೆ ನಿಲ್ಲಬಾರದು.

ನಿಮ್ಮ ಮುಂದೆ ಮೂರು ದಾರಿಗಳಿವೆ. ಕೋಡ್ ತೆರೆದಿಡುವುದು, ವಾಣಿಜ್ಯ ಲೈಸೆನ್ಸ್ ಕೊಳ್ಳುವುದು, ಇಲ್ಲವೇ ಅಪಾಚೆ 2.0 ಲೈಸೆನ್ಸ್ ಇರುವ ಯೋಲೋಎಕ್ಸ್‌ನಂಥ ಬೇರೆ ಪ್ರೋಗ್ರಾಂನಲ್ಲಿ ಹೊಸದಾಗಿ ತರಬೇತಿ ಮಾಡುವುದು. ಮೂರನೆಯದನ್ನೇ ನಾನು ಹೇಳುವುದು. ನಿಮ್ಮ ನಿಜವಾದ ಆಸ್ತಿ ಒಂದೊಂದು ಬೀಜಕ್ಕೂ ಗುರುತು ಹಾಕಿಟ್ಟ ಆ ಫೋಟೋಗಳು. ಗಾರ್ಬ್ಲಿಂಗ್ (ಕೈಯಿಂದ ಬೀಜ ಆರಿಸುವ ಕೆಲಸ) ಮಾಡುವ ಹೆಂಗಸರ ಪಕ್ಕ ಕೂತು, ಇದು ಕಪ್ಪು, ಇದು ಬೋರರ್ ಎಂದು ಕೇಳಿ ಕೇಳಿ ಬರೆದುಕೊಂಡ ಕೆಲಸ ಅದು. ಅದು ಕೈಯಲ್ಲಿದ್ದರೆ ಪ್ರೋಗ್ರಾಂ ಬದಲಿಸುವುದಕ್ಕೆ ಕೆಲವು ವಾರ ಹಿಡಿಯಬಹುದು, ವರ್ಷವಲ್ಲ.

ಪೈಕ್ಯೂಟಿಯದು ಇನ್ನೂ ಸುಲಭ. ಅದು ಜಿಪಿಎಲ್ 3 ಅಥವಾ ವಾಣಿಜ್ಯ ಲೈಸೆನ್ಸ್‌ನಲ್ಲಿ ಸಿಗುತ್ತದೆ. ಹೆಚ್ಚುಕಡಿಮೆ ಅದೇ ಕೆಲಸ ಮಾಡುವ ಪೈಸೈಡ್ ಎಲ್‌ಜಿಪಿಎಲ್‌ನಲ್ಲಿದೆ. ಎಲ್‌ಜಿಪಿಎಲ್ ಲೈಬ್ರರಿಯನ್ನು ಬೇರೆಯಾಗಿಯೇ ಇಟ್ಟು, ಬಳಕೆದಾರ ಬಯಸಿದರೆ ಅದರ ಜಾಗದಲ್ಲಿ ಬೇರೆ ಆವೃತ್ತಿ ಹಾಕಿಕೊಳ್ಳಲು ಅವಕಾಶ ಬಿಟ್ಟರೆ, ನಿಮ್ಮ ಕೋಡ್ ನಿಮ್ಮದಾಗಿಯೇ ಉಳಿಯುತ್ತದೆ. ಇಂಪೋರ್ಟ್ ಸಾಲುಗಳನ್ನು ಬದಲಿಸಿ, ಸಿಗ್ನಲ್‌ಗಳ ಹೆಸರು ತಿದ್ದಿ, ಒಂದೆರಡು ದಿನ ಪರೀಕ್ಷಿಸಿದರೆ ಮುಗಿಯಿತು.

ಲಿನಕ್ಸ್‌ನ ತಿರುಳಾದ ಕರ್ನಲ್ ಜಿಪಿಎಲ್ 2ರಲ್ಲಿದೆ, ‘ಅಥವಾ ಮುಂದಿನ ಆವೃತ್ತಿ’ ಎಂಬ ಸಾಲಿಲ್ಲದೆ. ಅದರ ಮೇಲೆ ಓಡುವ ನಿಮ್ಮ ಪ್ರೋಗ್ರಾಂಗೆ ಇದರಿಂದ ಬಾಧೆಯಿಲ್ಲ. ಆದರೆ ಯಂತ್ರದ ಜೊತೆ ಕರ್ನಲ್ ಹೋಗುವುದರಿಂದ, ಅದೇ ಆವೃತ್ತಿಯ ಮೂಲ ಕೋಡನ್ನು ಜೊತೆಗೇ ಕೊಡಬೇಕು, ಇಲ್ಲವೇ ಕನಿಷ್ಠ 3 ವರ್ಷ ಕೇಳಿದವರಿಗೆ ಕೊಡುತ್ತೇವೆ ಎಂದು ಲಿಖಿತವಾಗಿ ತಿಳಿಸಬೇಕು. ಕಾರ್ಡಿಗೆ ಹಾಕಿದ ಸಿಸ್ಟಮ್ ಇಮೇಜ್ ಯಾವುದೋ ಅದರ ಮೂಲವನ್ನು ಅವತ್ತೇ ಇಳಿಸಿ ತೆಗೆದಿಡಿ. ಎರಡು ವರ್ಷದ ಮೇಲೆ ಹುಡುಕಲು ಹೋದರೆ ಸಿಗದೆ ಹೋಗಬಹುದು. ಓಪನ್‌ಸಿವಿ 4.5.0ರಿಂದ ಅಪಾಚೆ 2.0, ಅದಕ್ಕೂ ಹಿಂದಿನವು ಬಿಎಸ್‌ಡಿ ಎಂಬ ಸಡಿಲ ಲೈಸೆನ್ಸ್. ಅಪಾಚೆ ಕೇಳುವುದು ಇಷ್ಟು: ಲೈಸೆನ್ಸ್ ಪ್ರತಿ ಜೊತೆಗಿರಲಿ, ತಿದ್ದಿದ ಫೈಲಿನಲ್ಲಿ ತಿದ್ದಿದ್ದೇವೆ ಎಂಬ ಸೂಚನೆ ಇರಲಿ, ಹಳೆಯ ಹಕ್ಕುಸೂಚನೆಗಳನ್ನು ಅಳಿಸಬೇಡಿ, ನೋಟಿಸ್ ಫೈಲ್ ಇದ್ದರೆ ಅದನ್ನೂ ದಾಟಿಸಿ. ಯಂತ್ರದ ಪರದೆಯಲ್ಲಿ ‘ಲೈಸೆನ್ಸ್‌ಗಳು’ ಎಂಬ ಪುಟವೊಂದನ್ನು ಇಟ್ಟು ಎಲ್ಲವನ್ನೂ ಅಲ್ಲಿ ತೋರಿಸಿದರೆ ವಕೀಲರ ಮೊದಲ ಬೇಡಿಕೆ ಅಲ್ಲಿಗೆ ತೀರುತ್ತದೆ.

ಜಿಪಿಎಲ್ 3ರಲ್ಲಿ ಇನ್ನೊಂದು ಷರತ್ತಿದೆ, ಯಂತ್ರ ಮಾಡುವವರು ಅದನ್ನು ತಿಳಿದಿರಬೇಕು. ಮನೆಬಳಕೆಯ ಉಪಕರಣವಾದರೆ, ತಿದ್ದಿದ ಸಾಫ್ಟ್‌ವೇರನ್ನು ಮತ್ತೆ ಅದೇ ಉಪಕರಣಕ್ಕೆ ಹಾಕಿ ಓಡಿಸಲು ಬೇಕಾದ ಕೀ, ಮಾಹಿತಿ ಎಲ್ಲವನ್ನೂ ಕೊಡಬೇಕು. ಕ್ಯೂರಿಂಗ್ ವರ್ಕ್ಸ್‌ನ ಯಂತ್ರ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ನಾಳೆ ಮನೆಯಲ್ಲೇ ಕಾಫಿ ಹುರಿಯುವವರಿಗೆಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂರುವ ಚಿಕ್ಕ ಮಾದರಿ ಮಾಡಿದರೆ ಬರುತ್ತದೆ.

ಇನ್ನು ಪೇಟೆಂಟ್. ಭಯ ಹೆಚ್ಚು, ತಿಳಿವಳಿಕೆ ಕಡಿಮೆ ಇರುವ ಜಾಗ ಇದು.

ಕಾಪಿರೈಟ್ ಕಾಯುವುದು ಬರೆದ ಕೋಡನ್ನು. ಪೇಟೆಂಟ್ ಕಾಯುವುದು ವಿಧಾನವನ್ನು; ಅದೇ ವಿಧಾನವನ್ನು ನೀವು ಸ್ವಂತ ಬುದ್ಧಿಯಿಂದ ಕಂಡುಕೊಂಡು, ಸ್ವಂತ ಕೋಡ್ ಬರೆದಿದ್ದರೂ ತಗಲುತ್ತದೆ. ಕೊಡಗಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅನ್‌ರಿಡೀಮ್ಡ್ ಜಾಗದಲ್ಲಿ ತೋಟ ನಮ್ಮದು, ಕಾಫಿ ನಮ್ಮದು, ಮರದ ಬೆಲೆ ಮಾತ್ರ ಸರ್ಕಾರಕ್ಕೆ ಸೇರಿದ್ದು. ಆರ್‌ಟಿಸಿಯಲ್ಲಿ ನಮ್ಮ ಹೆಸರಿದೆ ಎಂದು ಬೀಟೆ ಮರಕ್ಕೆ ಕೊಡಲಿ ಹಾಕಲಾಗದು. ಕೋಡ್ ಬಳಸುವ ಅನುಮತಿ ಒಂದು, ಅದರೊಳಗಿನ ವಿಧಾನ ಬಳಸುವ ಅನುಮತಿ ಇನ್ನೊಂದು.

ಓಪನ್‌ಸಿವಿಯಲ್ಲೇ ಇದಕ್ಕೆ ಉದಾಹರಣೆ ಇದೆ. ಚಿತ್ರದಲ್ಲಿ ಗುರುತಿನ ಬಿಂದುಗಳನ್ನು ಹುಡುಕುವ ಸಿಫ್ಟ್ ಎಂಬ ವಿಧಾನ ಡೇವಿಡ್ ಲೋವ್ ಅವರದು; ಅದರ ಅಮೆರಿಕನ್ ಪೇಟೆಂಟ್ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಹೆಸರಿನಲ್ಲಿತ್ತು. ಕೋಡ್ ಬಿಎಸ್‌ಡಿ ಲೈಸೆನ್ಸ್‌ನಲ್ಲಿ ಮುಕ್ತವಾಗಿಯೇ ಇತ್ತು, ಆದರೂ ವರ್ಷಗಟ್ಟಲೆ ಅದನ್ನು ‘ನಾನ್‌ಫ್ರೀ’ ಎಂಬ ಬೇರೆ ಗೂಡಿನಲ್ಲಿ ಇಟ್ಟಿದ್ದರು. 2020ರ ಮಾರ್ಚ್‌ನಲ್ಲಿ ಪೇಟೆಂಟ್ ಅವಧಿ ಮುಗಿದ ಮೇಲೆ, 4.4.0 ಆವೃತ್ತಿಯಲ್ಲಿ ಅದು ಮುಖ್ಯ ಭಾಗಕ್ಕೆ ಬಂತು. ಅದೇ ಜಾತಿಯ ಸರ್ಫ್ ಆ ಬದಲಾವಣೆಯಲ್ಲೂ ಗೂಡಿನೊಳಗೇ ಉಳಿಯಿತು. ನಿಮ್ಮ ಬಿಲ್ಡ್‌ನಲ್ಲಿ ನಾನ್‌ಫ್ರೀ ಆಯ್ಕೆಯನ್ನು ಯಾರಾದರೂ ಆನ್ ಮಾಡಿದ್ದಾರೆಯೇ ಎಂದು ಒಮ್ಮೆ ನೋಡಿ.

ಲೈಸೆನ್ಸ್‌ಗಳು ಪೇಟೆಂಟ್ ಬಗ್ಗೆ ಏನು ಹೇಳುತ್ತವೆ ಎಂಬುದನ್ನು ಅವುಗಳ ಮಾತಿನಲ್ಲೇ ಓದಬೇಕು, ಕೇಳಿದ ಸುದ್ದಿಯಲ್ಲಲ್ಲ. ಎಂಐಟಿ ಲೈಸೆನ್ಸ್‌ನಲ್ಲಿ ಆ ಶಬ್ದವೇ ಇಲ್ಲ. ಬಳಸಿ, ಮಾರಿ ಎಂದು ಅನುಮತಿ ಕೊಟ್ಟವರು ಆಮೇಲೆ ಪೇಟೆಂಟ್ ಹಿಡಿದು ಬರಲಾಗದು ಎಂದು ವಾದಿಸಬಹುದು, ಆದರೆ ಅದು ವಾದ, ಬರಹವಲ್ಲ. 2004ರ ಅಪಾಚೆ 2.0 ತನ್ನ 3ನೇ ಸೆಕ್ಷನ್‌ನಲ್ಲಿ ಬಾಯಿಬಿಟ್ಟು ಹೇಳುತ್ತದೆ: ಕೋಡ್ ಕೊಟ್ಟ ಪ್ರತಿಯೊಬ್ಬರೂ, ಆ ಕೋಡ್ ಬಳಸಿದರೆ ತಮ್ಮ ಯಾವ ಪೇಟೆಂಟ್ ತಗಲುತ್ತದೋ ಅದಕ್ಕೆ ಅನುಮತಿ ಕೊಟ್ಟಿದ್ದಾರೆ. ಅದೇ ಪ್ರೋಗ್ರಾಂ ನನ್ನ ಪೇಟೆಂಟ್ ಉಲ್ಲಂಘಿಸುತ್ತದೆ ಎಂದು ನೀವು ಯಾರ ಮೇಲಾದರೂ ದಾವೆ ಹೂಡಿದರೆ, ದಾವೆ ಹೂಡಿದ ದಿನವೇ ನಿಮಗೆ ಸಿಕ್ಕ ಪೇಟೆಂಟ್ ಅನುಮತಿ ಹೋಗುತ್ತದೆ. ಪ್ರತಿದಾವೆಯೂ ಇದರಲ್ಲಿ ಸೇರಿದೆ. ಕೋಡ್ ಬಳಸುವ ಕಾಪಿರೈಟ್ ಅನುಮತಿ ಮಾತ್ರ ಉಳಿಯುತ್ತದೆ. 2012ರ ಎಂಪಿಎಲ್ 2.0ರಲ್ಲಿ (ಮೊಜಿಲ್ಲಾ ಲೈಸೆನ್ಸ್) ಶಿಕ್ಷೆ ಇದಕ್ಕಿಂತ ಕಟು, ಎರಡೂ ಅನುಮತಿ ಹೋಗುತ್ತವೆ. ಆದರೆ ಇನ್ನೊಬ್ಬರು ಮೇಲೆ ಬಿದ್ದಾಗ ಪ್ರತಿದಾವೆ ಹೂಡಿದವರನ್ನು ಅದು ಬಿಟ್ಟುಬಿಡುತ್ತದೆ. 2007ರ ಜಿಪಿಎಲ್ 3ರಲ್ಲೂ ಪೇಟೆಂಟ್ ಅನುಮತಿ ಸ್ಪಷ್ಟವಾಗಿದೆ. ಅದರ ಹಿಂದಿನ ವರ್ಷ ಲಿನಕ್ಸ್ ಮಾರುತ್ತಿದ್ದ ನೊವೆಲ್ ಕಂಪನಿ ಮತ್ತು ಮೈಕ್ರೋಸಾಫ್ಟ್, ನೊವೆಲ್‌ನ ಗ್ರಾಹಕರಿಗೆ ಮಾತ್ರ ಪೇಟೆಂಟ್ ರಕ್ಷಣೆ ಎಂಬ ಒಪ್ಪಂದ ಮಾಡಿಕೊಂಡಿದ್ದವು. ಅಂಥ ಪಕ್ಷಪಾತದ ಒಪ್ಪಂದಗಳಿಗೆ ಬಾಗಿಲು ಹಾಕಲೆಂದೇ ಅದರ 11ನೇ ಸೆಕ್ಷನ್ ಅಷ್ಟು ಉದ್ದವಾಗಿದೆ.

ಇಲ್ಲಿ ಒಂದು ಮಾತನ್ನು ಅಡಿಗೆರೆ ಹಾಕಿ ಓದಿಕೊಳ್ಳಿ. ಈ ಎಲ್ಲ ಅನುಮತಿಗಳೂ ಆ ಕೋಡನ್ನು ಬರೆದು ಕೊಟ್ಟವರಿಂದ ಅಥವಾ ಹಂಚಿದವರಿಂದ ಬರುತ್ತವೆ. ಎಲ್ಲೋ ಕೂತ ಮೂರನೆಯವನ ಪೇಟೆಂಟ್‌ಗೆ ಯಾವ ಓಪನ್ ಸೋರ್ಸ್ ಲೈಸೆನ್ಸೂ ರಕ್ಷಣೆ ಕೊಡುವುದಿಲ್ಲ. ಬಣ್ಣ ನೋಡಿ ಧಾನ್ಯ ಆರಿಸುವ ಯಂತ್ರಗಳ ಕ್ಷೇತ್ರ ಹಳೆಯದು, ದೊಡ್ಡ ತಯಾರಕರು ಇರುವಂಥದು. ನಿಮಗೆ ಅಪಾಯ ಇದ್ದರೆ ಅದು ಓಪನ್‌ಸಿವಿಯ ಕಡೆಯಿಂದಲ್ಲ, ಆ ಕಡೆಯಿಂದ.

ಹಾಗೆಂದು ಹೆದರಿ ಕೂರಬೇಕಿಲ್ಲ. ಪೇಟೆಂಟ್‌ಗೆ ಗಡಿಯಿದೆ. ಅಮೆರಿಕದ ಪೇಟೆಂಟ್ ಕುಶಾಲನಗರದಲ್ಲಿ ನಡೆಯುವುದಿಲ್ಲ. ಯಂತ್ರವನ್ನು ಅಮೆರಿಕಕ್ಕೆ ಕಳಿಸುವ ದಿನ ಅಲ್ಲಿಯದನ್ನು ಹುಡುಕಿದರಾಯಿತು. ಅವಧಿಯೂ ಇದೆ, ಅರ್ಜಿ ಹಾಕಿದ ದಿನದಿಂದ 20 ವರ್ಷ, ಅದೂ ನವೀಕರಣ ಶುಲ್ಕ ಕಟ್ಟುತ್ತಿದ್ದರೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಅದಷ್ಟಕ್ಕೇ, ಮತ್ತು ಅಲ್ಗೊರಿದಂ, ಆವಿಷ್ಕಾರವಲ್ಲ. ಆದರೆ ‘ಅದಷ್ಟಕ್ಕೇ’ ಎಂಬ ಮಾತಿಗೆ ತೂಕವಿದೆ. ತಾಂತ್ರಿಕ ಪರಿಣಾಮ ತೋರಿಸುವ ಆವಿಷ್ಕಾರವನ್ನು, ಒಳಗೆ ಪ್ರೋಗ್ರಾಂ ಇದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂದು ದೆಹಲಿ ಹೈಕೋರ್ಟ್ 2019ರಲ್ಲಿ ಫೆರಿದ್ ಅಲಾನಿ ಪ್ರಕರಣದಲ್ಲಿ ಹೇಳಿದೆ. ಕ್ಯಾಮೆರಾ, ಬೆಳಕು, ಗಾಳಿ ಜೆಟ್ ಎಲ್ಲ ಸೇರಿದ ಯಂತ್ರಕ್ಕೆ ಭಾರತದಲ್ಲೂ ಪೇಟೆಂಟ್ ಸಿಗಬಹುದು.

ಆದ್ದರಿಂದ ಹುಡುಕಿ. ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್ ಎಂಬ ಹುಡುಕು ತಾಣಕ್ಕೆ ದುಡ್ಡಿಲ್ಲ. ‘ಕಾಫಿ’ ಎಂದು ಮಾತ್ರ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ, ಅಕ್ಕಿಗೆಂದು ಬರೆದ ಪೇಟೆಂಟ್ ಕಾಫಿಗೂ ತಗಲಬಹುದು. ವರ್ಗ ಸಂಕೇತದಿಂದ ಹುಡುಕಬೇಕು. ಬೆಳಕು, ಬಣ್ಣ ನೋಡಿ ಬೇರ್ಪಡಿಸುವ ಯಂತ್ರಗಳ ಅಂತರರಾಷ್ಟ್ರೀಯ ಸಂಕೇತ ಬಿ07ಸಿ 5/342. ಸಿಕ್ಕವುಗಳಲ್ಲಿ ಜೀವಂತ ಯಾವುದು, ಶುಲ್ಕ ಕಟ್ಟದೆ ಸತ್ತದ್ದು ಯಾವುದು ಎಂದು ಬೇರ್ಪಡಿಸಿ. ಉಳಿದವುಗಳ ಕೊನೆಯಲ್ಲಿರುವ ‘ಕ್ಲೇಮ್’ಗಳನ್ನು ಮಾತ್ರ ಗಮನವಿಟ್ಟು ಓದಿ. ಹಕ್ಕು ಅಲ್ಲಿರುತ್ತದೆ, ಮೊದಲ ಪುಟದ ಸಾರಾಂಶದಲ್ಲಿ ಇರುವುದಿಲ್ಲ. ಒಂದು ಕ್ಲೇಮ್‌ನಲ್ಲಿ ಐದು ಅಂಶಗಳಿದ್ದು ನಿಮ್ಮ ಯಂತ್ರದಲ್ಲಿ ಒಂದು ಇಲ್ಲದಿದ್ದರೆ ಸಾಮಾನ್ಯವಾಗಿ ಅದು ನಿಮಗೆ ತಗಲುವುದಿಲ್ಲ. ಅನುಮಾನ ಬಂದ ಒಂದೆರಡನ್ನು ಪೇಟೆಂಟ್ ಏಜೆಂಟ್ ಒಬ್ಬರಿಗೆ ತೋರಿಸಿ. ತಿಳಿಯದೆ ಉಲ್ಲಂಘಿಸಿದೆ, ತಿಳಿಯಲು ಕಾರಣವೂ ಇರಲಿಲ್ಲ ಎಂದು ತೋರಿಸಿದವರಿಂದ ನಷ್ಟಪರಿಹಾರ ಕೊಡಿಸುವಂತಿಲ್ಲ ಎನ್ನುತ್ತದೆ ಸೆಕ್ಷನ್ 111. ಆದರೆ ತಡೆಯಾಜ್ಞೆ ತರಬಹುದು. ಕೊಯ್ಲು ಮುಗಿದು ಕ್ಯೂರಿಂಗ್ ಭರದಲ್ಲಿರುವಾಗ ಯಂತ್ರ ನಿಂತರೆ ಮಾಲೀಕರ ಗತಿ ಏನೆಂದು ನಿಮಗೇ ಗೊತ್ತು.

ಲೈಸೆನ್ಸ್ ಷರತ್ತು ಯಾರು ಕೇಳುತ್ತಾರೆ ಬಿಡಿ ಎನ್ನುವವರಿಗೆ ನಾನು ಹೇಳುವುದು ಜೇಕಬ್‌ಸನ್ ಮತ್ತು ಕ್ಯಾಟ್ಜರ್ ನಡುವಿನ ಮೊಕದ್ದಮೆಯನ್ನು. ಆಟಿಕೆ ರೈಲುಗಳನ್ನು ನಡೆಸುವ ಸಾಫ್ಟ್‌ವೇರಿನ ಜಗಳ ಅದು. ಕ್ಯಾಟ್ಜರ್ ತನ್ನ ಪೇಟೆಂಟ್ ತೋರಿಸಿ ಜೇಕಬ್‌ಸನ್ ಅವರಿಂದ ಹಣ ಕೇಳಿದ. ಕೊನೆಗೆ ನೋಡಿದರೆ ಜೇಕಬ್‌ಸನ್ ಅವರ ಓಪನ್ ಸೋರ್ಸ್ ಯೋಜನೆಯ ಫೈಲುಗಳನ್ನು ಅವನೇ ಹೆಸರು, ಹಕ್ಕುಸೂಚನೆ ತೆಗೆದು ಬಳಸಿದ್ದ. ಅಂಥ ಷರತ್ತು ಮೀರಿದರೆ ಅದು ಬರೀ ಕರಾರು ಭಂಗವಲ್ಲ, ಕಾಪಿರೈಟ್ ಉಲ್ಲಂಘನೆಯೂ ಆಗಬಹುದು ಎಂದು 2008ರಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಕೋರ್ಟ್ ಹೇಳಿತು. ಬಿಟ್ಟಿ ಕೊಟ್ಟ ಕೋಡಿಗೂ ಯಜಮಾನನಿದ್ದಾನೆ.

ಈಗ ನಿಮ್ಮ ತೇವಾಂಶದ ಲೈಬ್ರರಿ. ಲೈಸೆನ್ಸ್ ಹಾಕುವ ಮುಂಚೆ ಅದು ಯಾರದೆಂದು ಕೇಳಿಕೊಳ್ಳಿ. ನೀವು ಮೂವರೂ ಯಾವ ಕಂಪನಿಯ ನೌಕರರೂ ಅಲ್ಲದಿದ್ದರೆ, ಬರೆದ ಭಾಗ ಬರೆದವರದು. ಒಬ್ಬರು ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಅವರ ಭಾಗ ಅವರ ಜೊತೆಗೇ ಹೋಗುತ್ತದೆ. ಹಾಗಾಗಿ ಪಾಲುದಾರಿಕೆ ಸಂಸ್ಥೆ ಮಾಡಿ, ಹಕ್ಕನ್ನು ಅದಕ್ಕೆ ಬರೆದುಕೊಡಿ. ಆ ಪತ್ರದಲ್ಲಿ ಅವಧಿಯನ್ನೂ ಪ್ರದೇಶವನ್ನೂ ನಮೂದಿಸಲೇಬೇಕು. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಎಣಿಸಲಾಗುತ್ತದೆ. ಕಾಲೇಜಿನ ಪ್ರಾಜೆಕ್ಟ್ ಆಗಿ ಶುರುವಾದದ್ದಾದರೆ ಕಾಲೇಜಿನಿಂದಲೂ ಒಂದು ಪತ್ರ ತೆಗೆದುಕೊಳ್ಳಿ.

ಇದೇ ನಿಯಮವನ್ನು ಸೆಕ್ಷನ್ 30ಎ ಲೈಸೆನ್ಸ್‌ಗಳಿಗೂ ಅನ್ವಯಿಸುತ್ತದೆ. ಎಂಐಟಿಯಲ್ಲಿ ಅವಧಿಯೂ ಇಲ್ಲ, ಪ್ರದೇಶವೂ ಇಲ್ಲ. ಅಪಾಚೆ ‘ಶಾಶ್ವತ, ವಿಶ್ವವ್ಯಾಪಿ’ ಎನ್ನುತ್ತದೆ. ಜಿಪಿಎಲ್ 3 ಕಾಪಿರೈಟ್ ಇರುವಷ್ಟು ಕಾಲ ಎನ್ನುತ್ತದೆ. ಭಾರತದಲ್ಲಿ ಕೂತು ಲೈಸೆನ್ಸ್ ಆರಿಸುವವರು ಈ ವ್ಯತ್ಯಾಸ ನೋಡಬೇಕು, ನೋಡುವವರು ಕಡಿಮೆ. ಎಂಐಟಿಯದು ಪೇಟೆಂಟ್ ಬಗ್ಗೆ ಮೌನ, ಅವಧಿಯ ಬಗ್ಗೆಯೂ ಮೌನ. ನಿಮ್ಮ ಲೈಬ್ರರಿಗೆ ಎಂಐಟಿ ಬೇಡ ಎನ್ನಲು ನನಗೆ ಇವೆರಡೇ ಕಾರಣ ಸಾಕು.

ಹಾಗಾದರೆ ಯಾವುದು? ರೊಬಸ್ಟಾ ಚೆರಿಗೆ ಒಂದು, ಅರೇಬಿಕಾ ಪಾರ್ಚ್‌ಮೆಂಟ್‌ಗೆ ಇನ್ನೊಂದು ಎಂದು ನೀವು ಮಾಡಿಕೊಂಡ ಹೊಂದಾಣಿಕೆ ಫೈಲುಗಳೇ ಆ ಲೈಬ್ರರಿಯ ಜೀವ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರೋ, ಸೋಮವಾರಪೇಟೆಯ ಬೆಳೆಗಾರರ ಮಗಳೋ ಅದನ್ನು ಬಳಸಿ ತಿದ್ದಿದರೆ, ಆ ತಿದ್ದುಪಡಿ ಮತ್ತೆ ಎಲ್ಲರಿಗೂ ಸಿಗಬೇಕು ಎಂಬುದು ನಿಮ್ಮ ಆಸೆ ಎಂದುಕೊಂಡಿದ್ದೇನೆ. ಹಾಗಿದ್ದರೆ ಎಂಪಿಎಲ್ 2.0 ಹಾಕಿ. ಅದು ಫೈಲ್ ಮಟ್ಟದ ಲೈಸೆನ್ಸ್. ನಿಮ್ಮ ಫೈಲನ್ನು ತಿದ್ದಿ ಹಂಚಿದವರು ಆ ಫೈಲನ್ನು ತೆರೆದು ಕೊಡಬೇಕು, ತಮ್ಮ ಉಳಿದ ಯಂತ್ರದ ಕೋಡನ್ನು ಕೊಡಬೇಕಿಲ್ಲ. ಯಂತ್ರ ತಯಾರಕರೂ ಹೆದರದೆ ಬಳಸುತ್ತಾರೆ. ವಿಶ್ವವ್ಯಾಪಿ ಎಂದು ಅದರಲ್ಲಿದೆ, ಅವಧಿ ಮಾತ್ರ ಇಲ್ಲ. ‘ಈ ಅನುಮತಿ ಕಾಪಿರೈಟ್ ಮತ್ತು ಪೇಟೆಂಟ್‌ಗಳ ಪೂರ್ಣ ಅವಧಿಗೆ’ ಎಂದು ರೀಡ್‌ಮಿ ಫೈಲಿನಲ್ಲಿ ನಿಮ್ಮ ಸಹಿಯೊಂದಿಗೆ ಒಂದು ಸಾಲು ಸೇರಿಸಿಬಿಡಿ. ತಿದ್ದುಪಡಿ ವಾಪಸ್ ಬರದಿದ್ದರೂ ಸರಿ, ಎಲ್ಲೆಡೆ ಹರಡಿದರೆ ಸಾಕು ಎಂದಾದರೆ ಅಪಾಚೆ 2.0. ಫೋಟೋ ಸಂಗ್ರಹವನ್ನು ಹಂಚುವುದಾದರೆ ಅದಕ್ಕೆ ಸಾಫ್ಟ್‌ವೇರ್ ಲೈಸೆನ್ಸ್ ಬೇಡ, ಕ್ರಿಯೇಟಿವ್ ಕಾಮನ್ಸ್ ಬಿವೈ 4.0 ಒಪ್ಪುತ್ತದೆ.

ಗಾಳಿ ಜೆಟ್‌ನ ಲೆಕ್ಕಾಚಾರ ಸೇರಿದ ಯಂತ್ರಕ್ಕೆ ನೀವೇ ಪೇಟೆಂಟ್ ಪಡೆಯುವ ಯೋಚನೆ ಇದ್ದರೆ ಅರ್ಜಿ ಮೊದಲು, ಕೋಡ್ ಬಹಿರಂಗ ಆಮೇಲೆ. ಒಮ್ಮೆ ಬಹಿರಂಗವಾದದ್ದು ಹೊಸದಲ್ಲ ಎಂದು ಅರ್ಜಿ ಬಿದ್ದುಹೋಗುತ್ತದೆ. ತಾತ್ಕಾಲಿಕ ವಿವರಣೆ ಸಲ್ಲಿಸಿದರೆ ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತದೆ.

ಕೊನೆಯದಾಗಿ ವಕೀಲರ ಆ ಪತ್ರ. ‘ಈ ಯಂತ್ರ ಜಗತ್ತಿನ ಯಾವ ಪೇಟೆಂಟನ್ನೂ ಉಲ್ಲಂಘಿಸುವುದಿಲ್ಲ, ಉಲ್ಲಂಘಿಸಿದರೆ ಎಲ್ಲ ನಷ್ಟ ನಮ್ಮದು’ ಎಂಬಂಥ ವಾಕ್ಯ ಅದರಲ್ಲಿದ್ದರೆ ಸಹಿ ಹಾಕಬೇಡಿ. ನೀವು ಬಳಸಿದ ಲೈಸೆನ್ಸ್‌ಗಳೆಲ್ಲವೂ ‘ಇದ್ದಂತೆ ಕೊಟ್ಟಿದ್ದೇವೆ, ಜವಾಬ್ದಾರಿ ನಮ್ಮದಲ್ಲ’ ಎಂದು ಕೈತೊಳೆದುಕೊಂಡಿವೆ; ನಾಳೆ ಹೊರೆ ಬಂದರೆ ಮೇಲಕ್ಕೆ ದಾಟಿಸಲು ನಿಮಗೆ ಯಾರೂ ಇಲ್ಲ. ಅದರ ಬದಲು ಹೀಗೆ ಬರೆದುಕೊಡಿ: ‘ಇಂಥ ದಿನಾಂಕದವರೆಗೆ ಭಾರತೀಯ ಪೇಟೆಂಟ್ ದಾಖಲೆಗಳನ್ನು ಹುಡುಕಿದ್ದೇವೆ. ನಮಗೆ ತಿಳಿದಮಟ್ಟಿಗೆ ಭಾರತದಲ್ಲಿ ಜಾರಿಯಲ್ಲಿರುವ ಪೇಟೆಂಟ್‌ನ ಉಲ್ಲಂಘನೆ ಇಲ್ಲ. ತಕರಾರು ಬಂದರೆ ಸಾಫ್ಟ್‌ವೇರನ್ನು ಬದಲಿಸಿಕೊಡುತ್ತೇವೆ, ಆಗದಿದ್ದರೆ ಯಂತ್ರ ವಾಪಸ್ ಪಡೆದು ಹಣ ಹಿಂದಿರುಗಿಸುತ್ತೇವೆ. ನಮ್ಮ ಹೊಣೆ ಯಂತ್ರದ ಬೆಲೆಗೆ ಸೀಮಿತ.’ ಇದರ ಜೊತೆ ಲೈಸೆನ್ಸ್‌ಗಳ ಪಟ್ಟಿ, ಆವೃತ್ತಿ ಸಂಖ್ಯೆಗಳು, ಹುಡುಕಾಟದ ಪ್ರತಿ ಲಗತ್ತಿಸಿ. ಇಷ್ಟು ಅಚ್ಚುಕಟ್ಟಾಗಿ ಬಂದ ಕಡತವನ್ನು ಒಳ್ಳೆಯ ವಕೀಲರು ಬೇಡ ಎನ್ನುವುದಿಲ್ಲ. ಆದರೆ, ಬೆಲೆಗೆ ಸೀಮಿತ ಎಂಬ ಸಾಲನ್ನು ಮಾತ್ರ ಬಿಟ್ಟುಕೊಡಬೇಡಿ.